ಕ್ಯಾಲಿಫೋರ್ನಿಯಾದ ತೆರಿಗೆಗೆ ಹೆದರಿ ಟೆಕ್ಸಸ್‌ಗೆ ಹೋಗಬೇಕೆ?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಇಬ್ಬರ ಸಂಬಳ ಸೇರಿ ವರ್ಷಕ್ಕೆ 3 ಲಕ್ಷ ಡಾಲರ್, ಅದರ ಮೇಲೆ ಒಂದಿಷ್ಟು ಆರ್‌ಎಸ್‌ಯು (ಕಂಪನಿ ಕಂತುಕಂತಾಗಿ ಕೊಡುವ ಷೇರು). ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬಾಡಿಗೆ ಮನೆ, ಎಚ್-1ಬಿ ವೀಸಾ. ಡಲ್ಲಾಸ್ ಹತ್ತಿರದ ಫ್ರಿಸ್ಕೊಗೆ ಹೋದ ಗೆಳೆಯರು "ವರ್ಷಕ್ಕೊಂದು ಕಾರಿನ ದುಡ್ಡನ್ನು ಸುಮ್ಮನೆ ಸರ್ಕಾರಕ್ಕೆ ಕಟ್ಟುತ್ತಿದ್ದೀರಿ" ಎಂದು ಹಂಗಿಸುತ್ತಾರೆ. ಕಂಪನಿ ವರ್ಗಾವಣೆಗೆ ಒಪ್ಪುವ ಹಾಗಿದೆ. ಬೆಂಗಳೂರಿನಲ್ಲಿರುವ ಒಂದು ಸೈಟನ್ನೂ ಮಾರುವ ಯೋಚನೆಯಿದೆ. ಇಷ್ಟು ತೆರಿಗೆ ಕಟ್ಟಿಕೊಂಡು ಇಲ್ಲೇ ಇರುವುದು ಸರಿಯೇ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಅರ್ಧ ಸತ್ಯ. ತೆರಿಗೆ ಉಳಿಸುವುದೊಂದೇ ಕಾರಣವಾದರೆ ಹೊರಡಬೇಡಿ. ಆ ಉಳಿತಾಯ ಇದೆ, ಆದರೆ ಸಂಬಳ ಒಂದು ಚೂರು ಇಳಿದರೆ ಅದು ಅಲ್ಲಿಗಲ್ಲಿಗೆ ಸರಿಹೋಗಿಬಿಡುತ್ತದೆ. ಸ್ವಂತ ಮನೆ ಬೇಕು, ಫ್ರೀಮಾಂಟ್‌ನಲ್ಲಿ ಅದು ಆಗುವ ಮಾತಲ್ಲ ಅನಿಸಿದ್ದರೆ ಹೊರಡಿ. ಹಾಗೆ ಹೊರಡುವುದಾದರೆ ಸೈಟು ಮಾರುವುದನ್ನು ಹೋದಮೇಲಕ್ಕೆ ಇಟ್ಟುಕೊಳ್ಳಿ, ಗ್ರೀನ್ ಕಾರ್ಡ್ ಯಾವ ಹಂತದಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ.

ಎರಡು ರಾಜ್ಯಗಳೂ ದುಡ್ಡು ವಸೂಲು ಮಾಡುತ್ತವೆ. ಕ್ಯಾಲಿಫೋರ್ನಿಯಾ ನೀವು ದುಡಿಯುವಾಗ ಮತ್ತು ಲಾಭಕ್ಕೆ ಏನನ್ನಾದರೂ ಮಾರುವಾಗ ಕೇಳುತ್ತದೆ. ಟೆಕ್ಸಸ್ ನಿಮ್ಮ ಹೆಸರಲ್ಲಿ ಮನೆ ಇರುವಷ್ಟು ಕಾಲ ಕೇಳುತ್ತದೆ, ನಿಮಗೆ ಕೆಲಸ ಇರಲಿ ಇಲ್ಲದಿರಲಿ. ಯಾವುದು ಅಗ್ಗ ಎಂಬುದು ನಿಮ್ಮ ಆದಾಯ ಯಾವ ಬಗೆಯದು, ನೀವು ಬದುಕಿನ ಯಾವ ಘಟ್ಟದಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ.

ಕೈಯಿಂದ ನಿಜವಾಗಿ ಹೋಗುವುದೆಷ್ಟು

ಕ್ಯಾಲಿಫೋರ್ನಿಯಾ ಎಂದರೆ ಶೇ. 13.3 ಎಂಬುದು ಎಲ್ಲರ ಬಾಯಲ್ಲೂ ಓಡಾಡುವ ಅಂಕಿ. ಅದು 10 ಲಕ್ಷ ಡಾಲರಿಗೂ ಮೇಲೆ ಆದಾಯ ಇರುವವರ ವಿಷಯ. ನಿಮ್ಮದನ್ನು ಲೆಕ್ಕ ಹಾಕೋಣ. 2025ರ ದರಗಳಲ್ಲಿ, ಜಂಟಿ ರಿಟರ್ನಿಗೆ, 3 ಲಕ್ಷದ ಸಂಬಳದಲ್ಲಿ ರಾಜ್ಯದ ಸ್ಟ್ಯಾಂಡರ್ಡ್ ಡಿಡಕ್ಷನ್ 11,412 ಕಳೆದರೆ ತೆರಿಗೆಗೆ ಒಳಪಡುವುದು 2,88,588 ಡಾಲರ್. ದರ ಶೇ. 1ರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಶೇ. 9.3ರ ಮೆಟ್ಟಿಲು ಬರುವುದು ಸುಮಾರು 1.45 ಲಕ್ಷ ದಾಟಿದ ಮೇಲೆ. ಕೂಡಿಸಿ, ನಾಲ್ಕು ಜನರ ಕ್ರೆಡಿಟ್ (ತಲೆಗಿಷ್ಟು ಎಂದು ತೆರಿಗೆಯಲ್ಲೇ ಸಿಗುವ ಕಡಿತ) ಕಳೆದರೆ ವರಮಾನ ತೆರಿಗೆ 18,500ರ ಆಸುಪಾಸು. ಇದಲ್ಲದೆ ಪೇಸ್ಲಿಪ್ಪಿನಲ್ಲಿ ಎಸ್‌ಡಿಐ (ರಾಜ್ಯದ ಅಶಕ್ತತಾ ವಿಮೆ) ಎಂಬ ಪುಟ್ಟ ಸಾಲು ಇರುತ್ತದೆ, ಯಾರೂ ಗಮನಿಸುವುದಿಲ್ಲ. 2024ರಿಂದ ಅದಕ್ಕಿದ್ದ ಸಂಬಳದ ಮಿತಿಯನ್ನು ತೆಗೆದುಹಾಕಿದ್ದಾರೆ, 2025ರಲ್ಲಿ ಅದು ಪೂರ್ತಿ ಸಂಬಳಕ್ಕೆ ಶೇ. 1.2, ಅಂದರೆ 3,600. ಒಟ್ಟು 22,100 ಡಾಲರ್. ನೂರಕ್ಕೆ ಏಳೂ ಚಿಲ್ಲರೆ. ಟೆಕ್ಸಸ್‌ನಲ್ಲಿ ಈ ಜಾಗದಲ್ಲಿ ಸೊನ್ನೆ. ಸಂಬಳಕ್ಕೆ ರಾಜ್ಯ ತೆರಿಗೆ ಹಾಕದಂತೆ ಅಲ್ಲಿ 2019ರಲ್ಲಿ ಸಂವಿಧಾನವನ್ನೇ ತಿದ್ದಿಕೊಂಡಿದ್ದಾರೆ.

ಇಬ್ಬರೂ ನಿವೃತ್ತಿ ಉಳಿತಾಯ ಖಾತೆಯಾದ 401(ಕೆ)ಗೆ ತುಂಬ ಹಾಕುತ್ತಿದ್ದರೆ ಈ ಅಂಕಿ ಇನ್ನೂ ಇಳಿಯುತ್ತದೆ. 2025ರ ಮಿತಿ ತಲೆಗೆ 23,500; ಇಬ್ಬರದೂ 47,000ಕ್ಕೆ ಶೇ. 9.3ರಂತೆ 4,300 ಡಾಲರಿಗೂ ಹೆಚ್ಚು ಉಳಿತಾಯ. ಹೀಗೆ ಕ್ಯಾಲಿಫೋರ್ನಿಯಾದಲ್ಲಿ ಉಳಿಸಿದ್ದನ್ನು ಮುಂದೆ ಟೆಕ್ಸಸ್‌ನಲ್ಲೋ ಮೈಸೂರಿನಲ್ಲೋ ನೆಲೆಸಿ ಹಿಂತೆಗೆದರೆ ಕ್ಯಾಲಿಫೋರ್ನಿಯಾ ಅದನ್ನು ಮುಟ್ಟುವಂತಿಲ್ಲ. ರಾಜ್ಯ ಬಿಟ್ಟವರ ನಿವೃತ್ತಿ ಹಣಕ್ಕೆ ಹಳೆಯ ರಾಜ್ಯ ತೆರಿಗೆ ಹಾಕಬಾರದೆಂದು 1996ರ ಫೆಡರಲ್ ಕಾನೂನು ಹೇಳುತ್ತದೆ. ಹೆಚ್ಚು ತೆರಿಗೆಯ ರಾಜ್ಯದಲ್ಲಿರುವಾಗಲೇ 401(ಕೆ) ತುಂಬಿಸಿಕೊಳ್ಳಬೇಕು ಎನ್ನುವುದು ಇದಕ್ಕೇ. ವೈದ್ಯಕೀಯ ಖರ್ಚಿನ ಉಳಿತಾಯ ಖಾತೆಯಾದ ಎಚ್‌ಎಸ್‌ಎಗೆ ಮಾತ್ರ ಈ ಭಾಗ್ಯ ಇಲ್ಲ. ಕ್ಯಾಲಿಫೋರ್ನಿಯಾ ಅದನ್ನು ಮಾನ್ಯ ಮಾಡುವುದೇ ಇಲ್ಲ.

ಇಲ್ಲಿ ಒಂದು ವಿಚಿತ್ರ ಇದೆ. ಬಾಡಿಗೆಯಲ್ಲಿರುವ ನಿಮಗೆ ಈ 22,100ರಲ್ಲಿ ಒಂದು ಡಾಲರೂ ಫೆಡರಲ್ ತೆರಿಗೆಯ ಕಡೆಯಿಂದ ವಾಪಸ್ ಬರುವುದಿಲ್ಲ. 2025ರಲ್ಲಿ ಫೆಡರಲ್ ಸ್ಟ್ಯಾಂಡರ್ಡ್ ಡಿಡಕ್ಷನ್ 31,500 ಇರುವಾಗ ಐಟಮೈಸ್ ಮಾಡಿ (ಒಂದೊಂದೇ ಖರ್ಚನ್ನು ಪಟ್ಟಿಮಾಡಿ ಕಳೆದು) ಪ್ರಯೋಜನವಿಲ್ಲ. ಅದೇ ಸಂಬಳದವರು ಅದೇ ಫ್ರೀಮಾಂಟ್‌ನಲ್ಲಿ 16 ಲಕ್ಷದ ಮನೆ ಕೊಂಡಿದ್ದಾರೆ ಅನ್ನಿ. ಶೇ. 20 ಮುಂಗಡ, ಉಳಿದ 12.8 ಲಕ್ಷಕ್ಕೆ ಶೇ. 6.5ರ ಸಾಲ. ಮೊದಲ ವರ್ಷದ ಬಡ್ಡಿ ಹತ್ತಿರ ಹತ್ತಿರ 83,000, ಆಸ್ತಿ ತೆರಿಗೆ 19,000. ಕ್ಯಾಲಿಫೋರ್ನಿಯಾ 10 ಲಕ್ಷದವರೆಗಿನ ಸಾಲದ ಬಡ್ಡಿಯನ್ನೂ ಪೂರ್ತಿ ಆಸ್ತಿ ತೆರಿಗೆಯನ್ನೂ ಆದಾಯದಿಂದ ಕಳೆಯಲು ಬಿಡುವುದರಿಂದ ಅವರ ರಾಜ್ಯ ತೆರಿಗೆ, ಎಸ್‌ಡಿಐ ಸೇರಿ, ಸುಮಾರು 15,300ಕ್ಕೆ ಇಳಿಯುತ್ತದೆ. ಇನ್ನು ಫೆಡರಲ್ ಕಡೆ: ರಾಜ್ಯದ ತೆರಿಗೆಗಳನ್ನು ಕಳೆಯಲು 2018ರಿಂದ ಇದ್ದ 10,000ದ ಮಿತಿಯನ್ನು 2025ರಲ್ಲಿ 40,000ಕ್ಕೆ ಏರಿಸಿದ್ದಾರೆ. ಇವರ ವರಮಾನ ತೆರಿಗೆ, ಆಸ್ತಿ ತೆರಿಗೆ ಎರಡೂ ಆ ಮಿತಿಯೊಳಗೆ ಹಿಡಿಸುತ್ತವೆ. ಶೇ. 24ರ ಸ್ಲ್ಯಾಬಿನಲ್ಲಿ 15,300ಕ್ಕೆ 3,700 ಉಳಿಯುತ್ತದೆ. ಕೊನೆಗೆ ಕೈಯಿಂದ ಹೋಗುವ ರಾಜ್ಯ ತೆರಿಗೆ 11,600. ಅದೇ ಊರು, ಅದೇ ಸಂಬಳ; ಬಾಡಿಗೆಯವರಿಗೆ 22,100, ಮನೆಯವರಿಗೆ ಅದರ ಅರ್ಧ. (ತೆರಿಗೆ ಉಳಿಸಲೆಂದು ಬ್ಯಾಂಕಿಗೆ 83,000 ಬಡ್ಡಿ ಕಟ್ಟುವುದು ಜಾಣತನವೇನಲ್ಲ, ಆ ಮಾತು ಬೇರೆ.) ಈ 40,000ದ ಮಿತಿ ಶಾಶ್ವತವಲ್ಲ. ಆದಾಯ 5 ಲಕ್ಷ ದಾಟಿದವರಿಗೆ ಅದು ಕರಗುತ್ತಾ ಹೋಗುತ್ತದೆ, 2030ಕ್ಕೆ ಎಲ್ಲರಿಗೂ ಮತ್ತೆ 10,000.

ಆದಾಯ ಕಡಿಮೆ ಇದ್ದರೆ ಚಿತ್ರವೇ ತಿರುಗುತ್ತದೆ. ಒಟ್ಟು 1 ಲಕ್ಷ ಡಾಲರ್ ದುಡಿಯುವ, ಇಬ್ಬರು ಮಕ್ಕಳ ಕುಟುಂಬಕ್ಕೆ ಕ್ಯಾಲಿಫೋರ್ನಿಯಾದ ವರಮಾನ ತೆರಿಗೆ ಬರೀ 1,100ರ ಸುಮಾರು, ಎಸ್‌ಡಿಐ ಇನ್ನೊಂದು 1,200. ಅಂಥವರು ತೆರಿಗೆಯ ಹೆಸರಲ್ಲಿ ಟೆಕ್ಸಸ್‌ಗೆ ಹೋದರೆ ಅಲ್ಲಿ ಸಣ್ಣ ಮನೆಯ ಆಸ್ತಿ ತೆರಿಗೆಯೇ ಇದರ ಎರಡು ಪಟ್ಟು ಆಗಬಹುದು.

ನಿಜವಾದ ಅಂತರ ಮನೆಯಲ್ಲಿದೆ

16 ಲಕ್ಷದ ಮನೆಗೆ ಮೇಲೆ ಹೇಳಿದ ಸಾಲದಲ್ಲಿ ತಿಂಗಳ ಕಂತು, ಅಸಲು ಬಡ್ಡಿ ಮಾತ್ರ, ಸುಮಾರು 8,090 ಡಾಲರ್. ಫ್ರಿಸ್ಕೊದಲ್ಲಿ 6.5 ಲಕ್ಷದ ಮನೆಗೆ ಅದೇ ಮುಂಗಡ, ಅದೇ ಬಡ್ಡಿಯಲ್ಲಿ 3,290. ತಿಂಗಳಿಗೆ 4,800, ವರ್ಷಕ್ಕೆ 57,600ರ ವ್ಯತ್ಯಾಸ. ತೆರಿಗೆಯ ವ್ಯತ್ಯಾಸ ಇದರ ಮುಂದೆ ಚಿಕ್ಕದು. ಮುಂಗಡವೇ ಒಂದು ಕಡೆ 3.2 ಲಕ್ಷ, ಇನ್ನೊಂದು ಕಡೆ 1.3 ಲಕ್ಷ. ಹಾಗಾಗಿ "ತೆರಿಗೆ ಉಳಿಸಲು ಟೆಕ್ಸಸ್‌ಗೆ ಹೋದೆವು" ಎನ್ನುವವರಲ್ಲಿ ಹೆಚ್ಚಿನವರು ಉಳಿಸಿದ್ದು ಮನೆಯ ಬೆಲೆಯಲ್ಲಿ.

ಅಲ್ಲೂ ಬಾಡಿಗೆಗೇ ಇರುವುದಾದರೆ 22,100 ಪೂರ್ತಿ ನಿಮ್ಮದೇ, ನಿಜ. ಆದರೆ ಎಚ್‌ಆರ್ ಹತ್ತಿರ ಮೊದಲು ಕೇಳಬೇಕಾದ ಪ್ರಶ್ನೆ: ಊರು ಬದಲಾದರೆ ಸಂಬಳ ಬದಲಾಗುತ್ತದೆಯೇ? ಫ್ರೀಮಾಂಟ್ ಇರುವ ಬೇ ಏರಿಯಾಗೆ ಒಂದು ಸಂಬಳ, ಡಲ್ಲಾಸ್‌ಗೆ ಇನ್ನೊಂದು ಎಂದು ವಲಯ ಮಾಡಿಕೊಂಡ ಕಂಪನಿಗಳು ಎಷ್ಟೋ ಇವೆ. ಇಬ್ಬರಿಗೂ ಶೇ. 10 ಇಳಿಸಿದರೆ 30,000 ಹೋಯಿತು. ಫೆಡರಲ್ ತೆರಿಗೆ, ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಳೆದರೂ ಕೈಗೆ ಬರುವುದರಲ್ಲಿ ಸುಮಾರು 20,200 ಕಡಿಮೆಯಾಗುತ್ತದೆ. ಅಲ್ಲಿಗೆ ತೆರಿಗೆಯ ಉಳಿತಾಯ ಮುಗಿಯಿತು. ಮುಂದಿನ ಸಂಬಳ ಏರಿಕೆ, ಹೊಸ ಆರ್‌ಎಸ್‌ಯು ಕೂಡ ಆ ಇಳಿದ ಸಂಬಳದ ಮೇಲೆಯೇ ನಿಗದಿಯಾಗುತ್ತವೆ. ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಇಮೇಲಿನಲ್ಲಿ ತರಿಸಿಕೊಳ್ಳಿ.

ಟೆಕ್ಸಸ್‌ನ ಆಸ್ತಿ ತೆರಿಗೆ ಹೇಗೆ ಕೆಲಸ ಮಾಡುತ್ತದೆ

ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13 ಎಂಬ ಕಾನೂನು ಆಸ್ತಿ ತೆರಿಗೆಯನ್ನು ಕಟ್ಟಿಹಾಕಿದೆ. ಕೊಂಡ ಬೆಲೆಯ ಶೇ. 1, ಜೊತೆಗೆ ಮತದಾರರು ಒಪ್ಪಿದ ಸ್ಥಳೀಯ ಬಾಂಡುಗಳು. ಬೆಲೆಯ ಲೆಕ್ಕ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮೂವತ್ತು ವರ್ಷದ ಹಿಂದೆ ಕೊಂಡ ಪಕ್ಕದ ಮನೆಯವರು ನಿಮ್ಮ ಕಾಲು ಭಾಗ ಕಟ್ಟುತ್ತಿರಬಹುದು, ಎರಡೂ ಮನೆ ಒಂದೇ ನಮೂನೆಯಾಗಿದ್ದರೂ. ಹೊಸದಾಗಿ ಬಂದವರಿಗೆ ಇದು ಅನ್ಯಾಯ, ತಳವೂರಿದವರಿಗೆ ವರ.

ಟೆಕ್ಸಸ್‌ನಲ್ಲಿ ರಾಜ್ಯ ಸರ್ಕಾರಕ್ಕೆ ಆಸ್ತಿ ತೆರಿಗೆ ಇಲ್ಲ. ಕೌಂಟಿ, ನಗರ, ಶಾಲಾ ಜಿಲ್ಲೆ, ಕಮ್ಯೂನಿಟಿ ಕಾಲೇಜು ಒಬ್ಬೊಬ್ಬರೂ ತಮ್ಮ ದರ ಹಾಕಿ ಒಂದೇ ಬಿಲ್ಲಿನಲ್ಲಿ ಸೇರಿಸುತ್ತಾರೆ. ಸ್ವಂತ ವಾಸದ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ ಇದೆ; ಶಾಲೆಯ ಭಾಗಕ್ಕೆ ಅದು 2023ರಲ್ಲಿ 1 ಲಕ್ಷ ಆಗಿ, 2025ರಿಂದ 1.4 ಲಕ್ಷ ಡಾಲರ್ ಆಗಿದೆ. ಉದಾಹರಣೆಗೆ ಶಾಲೆಯ ದರ ಶೇ. 1, ಉಳಿದವರದೆಲ್ಲ ಸೇರಿ ಶೇ. 0.8 ಎಂದಿಟ್ಟುಕೊಳ್ಳಿ. 6.5 ಲಕ್ಷದ ಮನೆಗೆ ಶಾಲೆಗೆ 5,100, ಉಳಿದವರಿಗೆ 5,200. ಒಟ್ಟು 10,300. ಇದು ಫ್ರೀಮಾಂಟ್ ಮನೆಯವರು ಕಟ್ಟುವ 19,000ಕ್ಕಿಂತ ಕಡಿಮೆಯೇ. ದರ ಹೆಚ್ಚು, ಮನೆಯ ಬೆಲೆ ಕಡಿಮೆ, ಅಷ್ಟೆ. ಹೋಗಿ 12 ಲಕ್ಷದ ಅರಮನೆ ಕೊಂಡರೆ ಈ ಲಾಭ ಅಲ್ಲೇ ಕರಗುತ್ತದೆ. ಹಾಗೆ ಕೊಳ್ಳುವವರು ಕಡಿಮೆಯೇನಲ್ಲ. ಬೇ ಏರಿಯಾದಿಂದ ಬಂದವರ ಕಣ್ಣಿಗೆ ಅಲ್ಲಿ ಎಲ್ಲವೂ ಅಗ್ಗವಾಗಿ ಕಾಣುತ್ತದೆ.

ಎಡವುವ ಜಾಗಗಳು ಇವು. ಊರ ಅಂಚಿನ ಹೊಸ ಬಡಾವಣೆಗಳಲ್ಲಿ ನೀರು, ಚರಂಡಿಗೆ ಮಾಡಿದ ಸಾಲ ತೀರಿಸಲು ಎಂಯುಡಿ ಎಂಬ ಇನ್ನೊಂದು ಸಂಸ್ಥೆ ಇರುತ್ತದೆ. ಅದು ಶೇ. 0.5ರಿಂದ 0.8 ಸೇರಿಸಿದರೆ ನಿಮ್ಮ ಬಿಲ್ಲಿಗೆ 3,250ರಿಂದ 5,200 ಕೂಡಿತು. ಮನೆ ನೋಡುವಾಗ ಏಜೆಂಟರನ್ನು "ಒಟ್ಟು ದರ ಎಷ್ಟು, ಎಂಯುಡಿ ಅಥವಾ ಪಿಐಡಿ ಇದೆಯೇ" ಎಂದು ಕೇಳಿ (ಪಿಐಡಿಯೂ ಬಡಾವಣೆಯ ಸೌಲಭ್ಯಗಳಿಗೆ ಹಣ ವಸೂಲು ಮಾಡುವ ವಲಯ), ತೆರಿಗೆಗೆ ಬೆಲೆ ಕಟ್ಟುವ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೀವೇ ನೋಡಿ. ಫ್ರಿಸ್ಕೊ ಎರಡು ಕೌಂಟಿಗಳಲ್ಲಿ ಹರಡಿಕೊಂಡಿದೆ, ಕಾಲಿನ್ ಮತ್ತು ಡೆಂಟನ್. ರಸ್ತೆ ದಾಟಿದರೆ ಲೆಕ್ಕ ಬೇರೆ.

ಹೊಸದಾಗಿ ಕಟ್ಟಿದ ಮನೆಯದು ಇನ್ನೊಂದು ಬಲೆ. ಅಲ್ಲಿ ಬೆಲೆ ಕಟ್ಟುವುದು ಜನವರಿ 1ಕ್ಕೆ ಇದ್ದ ಸ್ಥಿತಿಗೆ. ಅಂದು ಬರೀ ನಿವೇಶನ ಇತ್ತು ಎಂದರೆ ಮೊದಲ ವರ್ಷದ ಬಿಲ್ ನಿವೇಶನಕ್ಕೆ ಮಾತ್ರ ಬರುತ್ತದೆ. ಬ್ಯಾಂಕು ಅದನ್ನೇ ಆಧಾರ ಮಾಡಿಕೊಂಡು ತಿಂಗಳ ಎಸ್ಕ್ರೋ (ತೆರಿಗೆ, ವಿಮೆಗೆಂದು ಕಂತಿನ ಜೊತೆ ಹಿಡಿಯುವ ಹಣ) ಕಡಿಮೆ ಇಟ್ಟರೆ ಮಾರನೆಯ ವರ್ಷ ಪೂರ್ತಿ ಮನೆಯ ಬಿಲ್ ಬಂದು, ಹಿಂದಿನ ಕೊರತೆ ಮತ್ತು ಮುಂದಿನ ಏರಿಕೆ ಎರಡೂ ಒಟ್ಟಿಗೆ ಕಂತಿನ ಮೇಲೆ ಬೀಳುತ್ತವೆ. ತಿಂಗಳಿಗೆ ಸಾವಿರಕ್ಕೂ ಹೆಚ್ಚು ಏರಿದರೆ ಆಶ್ಚರ್ಯವಿಲ್ಲ. ಮೊದಲ ವರ್ಷ ಆ ವ್ಯತ್ಯಾಸವನ್ನು ನೀವೇ ಬೇರೆ ಖಾತೆಯಲ್ಲಿ ಎತ್ತಿಡಿ.

ಹೋಮ್‌ಸ್ಟೆಡ್ ಅರ್ಜಿ ಫಾರ್ಮ್ 50-114. ಅದಕ್ಕೆ ಶುಲ್ಕವಿಲ್ಲ, "ನಾವು ಮಾಡಿಕೊಡುತ್ತೇವೆ" ಎಂದು ಅಂಚೆಯಲ್ಲಿ ಬರುವ ಪತ್ರಗಳನ್ನು ಹರಿದು ಹಾಕಿ. ಡ್ರೈವಿಂಗ್ ಲೈಸೆನ್ಸಿನಲ್ಲಿ ಅದೇ ಮನೆಯ ವಿಳಾಸ ಇರಬೇಕು, ಅರ್ಜಿ ತಿರಸ್ಕಾರ ಆಗುವುದು ಹೆಚ್ಚಾಗಿ ಇಲ್ಲೇ. ವಿನಾಯಿತಿ ಸಿಕ್ಕಿದ ಮಾರನೆಯ ವರ್ಷದಿಂದ ತೆರಿಗೆಯ ಬೆಲೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರುವಂತಿಲ್ಲ. ಕ್ಯಾಲಿಫೋರ್ನಿಯಾದ ಶೇ. 2ರ ಜೊತೆ ಹೋಲಿಸಿ ನೋಡಿ. ಏಪ್ರಿಲ್, ಮೇ ಹೊತ್ತಿಗೆ ಬೆಲೆಯ ನೋಟಿಸ್ ಬರುತ್ತದೆ. ಮೇ 15 ಅಥವಾ ನೋಟಿಸ್ ಬಂದ 30 ದಿನ, ಯಾವುದು ತಡವೋ ಅಷ್ಟರೊಳಗೆ ತಕರಾರು ಹಾಕಬಹುದು. ಟೆಕ್ಸಸ್‌ನಲ್ಲಿ ಮಾರಾಟದ ಬೆಲೆಯನ್ನು ಬಹಿರಂಗ ಮಾಡಬೇಕೆಂದಿಲ್ಲ, ಆದ್ದರಿಂದ ನೀವು ಅವರ ಅಂದಾಜಿಗಿಂತ ಕಡಿಮೆಗೆ ಕೊಂಡಿದ್ದರೆ ಕ್ಲೋಸಿಂಗ್ ಪತ್ರ (ಖರೀದಿಯ ಲೆಕ್ಕಪತ್ರ) ತೋರಿಸಿ. ಹೆಚ್ಚಿಗೆ ಕೊಂಡಿದ್ದರೆ ಆ ಕಾಗದವನ್ನು ಮುಂದೆ ಮಾಡಬೇಡಿ, ಅಕ್ಕಪಕ್ಕದ ಮನೆಗಳ ಬೆಲೆಯನ್ನೇ ಹಿಡಿದು ವಾದಿಸಿ.

ತೆರಿಗೆಯ ಪಟ್ಟಿಯಲ್ಲಿ ಬಾರದ ಖರ್ಚೂ ಇದೆ. ಡಲ್ಲಾಸ್ ಸುತ್ತ ಆಲಿಕಲ್ಲು ಮಳೆಗೆ ಚಾವಣಿ ಹಾಳಾಗುವುದು ಸಾಮಾನ್ಯ. ಮನೆ ವಿಮೆಯಲ್ಲಿ ಗಾಳಿ, ಆಲಿಕಲ್ಲಿಗೆ ಬೇರೆಯದೇ ಡಿಡಕ್ಟಿಬಲ್ ಇರುತ್ತದೆ, ವಿಮೆ ಮೊತ್ತದ ಶೇ. 1 ಅಥವಾ 2. 5 ಲಕ್ಷದ ವಿಮೆಗೆ ಶೇ. 2 ಎಂದರೆ ಮೊದಲ 10,000 ನಿಮ್ಮ ಜೇಬಿನಿಂದ. ಪ್ರೀಮಿಯಂ ಕಡಿಮೆ ಎಂದು ಕಣ್ಣುಮುಚ್ಚಿ ಸಹಿ ಹಾಕುವ ಮೊದಲು ಆ ಸಾಲನ್ನು ಓದಿ. ಇನ್ನು ನೆಲ. ಅಲ್ಲಿನ ಕಪ್ಪುಮಣ್ಣು ನಮ್ಮ ಧಾರವಾಡ, ಗದಗ ಕಡೆಯ ಎರೆಮಣ್ಣಿನ ಜಾತಿಯದೇ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅಡಿಪಾಯವನ್ನು ಅಲ್ಲಾಡಿಸುತ್ತದೆ. ಬೇಸಿಗೆಯಲ್ಲಿ ಮನೆಯ ಸುತ್ತ ಸೋಕರ್ ಪೈಪು ಹಾಕಿ ನೆಲಕ್ಕೆ ಹದವಾಗಿ ನೀರು ಕೊಡುವುದು ಅಲ್ಲಿ ಮಾಮೂಲಿ ಕೆಲಸ. ಹಳೆ ಮನೆ ಕೊಳ್ಳುವುದಾದರೆ ಸಾಮಾನ್ಯ ಇನ್‌ಸ್ಪೆಕ್ಷನ್ ಸಾಲದು, ಅಡಿಪಾಯಕ್ಕೆ ಬೇರೆ ಎಂಜಿನಿಯರನ್ನು ಕರೆಸಿ. ಎಸಿ ಬಿಲ್, ಟೋಲ್ ರಸ್ತೆ, ಎರಡನೇ ಕಾರು, ಇವನ್ನು ಬರೆದುಕೊಳ್ಳಿ ಸಾಕು. ಸೇಲ್ಸ್ ಟ್ಯಾಕ್ಸ್ ಅಲ್ಲಿ ಹೆಚ್ಚೆಂದರೆ ಶೇ. 8.25, ನಿಮ್ಮಲ್ಲಿ ಶೇ. 10 ದಾಟಿದೆ, ಅಡುಗೆ ಸಾಮಾನಿಗೆ ಎರಡೂ ಕಡೆ ಇಲ್ಲ.

ಆರ್‌ಎಸ್‌ಯು: ಊರು ಬಿಟ್ಟರೂ ಬಿಡದ ತೆರಿಗೆ

ಹೆಚ್ಚು ಜನ ಮೋಸಹೋಗುವುದು ಇಲ್ಲಿ. ಟೆಕ್ಸಸ್‌ಗೆ ಬಂದ ಮೇಲೆ ವೆಸ್ಟ್ ಆದ (ಕೈಗೆ ಬಂದ) ಷೇರಿಗೆ ಕ್ಯಾಲಿಫೋರ್ನಿಯಾಗೆ ಏನೂ ಕೊಡಬೇಕಿಲ್ಲ ಎಂದುಕೊಳ್ಳುತ್ತಾರೆ. ಅಲ್ಲಿನ ತೆರಿಗೆ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ನೋಡುವುದು, ಗ್ರಾಂಟ್ ಆದ (ಕಂಪನಿ ಕೊಡುವುದಾಗಿ ಬರೆದುಕೊಟ್ಟ) ದಿನದಿಂದ ವೆಸ್ಟ್ ಆದ ದಿನದವರೆಗಿನ ಕೆಲಸದ ದಿನಗಳಲ್ಲಿ ಎಷ್ಟನ್ನು ಕ್ಯಾಲಿಫೋರ್ನಿಯಾದಲ್ಲಿ ಮಾಡಿದಿರಿ ಎಂದು. 2024ರ ಜನವರಿಯಲ್ಲಿ ಗ್ರಾಂಟ್ ಆದದ್ದು 2027ರ ಜನವರಿಯಲ್ಲಿ 90,000 ಡಾಲರಿಗೆ ವೆಸ್ಟ್ ಆಯಿತು, ನೀವು 2026ರ ಜನವರಿಯಲ್ಲಿ ಹೊರಟಿರಿ ಅನ್ನಿ. 36 ತಿಂಗಳಲ್ಲಿ 24 ಅಲ್ಲಿ ಕಳೆದಿದ್ದೀರಿ. 60,000 ಕ್ಯಾಲಿಫೋರ್ನಿಯಾದ ಆದಾಯ. ತೆರಿಗೆಯ ದರವೂ ಆ 60,000ಕ್ಕೆ ತಕ್ಕದ್ದಲ್ಲ. ನಿಮ್ಮ ಇಡೀ ವರ್ಷದ ಒಟ್ಟು ಆದಾಯಕ್ಕೆ ಬರುವ ಸರಾಸರಿ ದರ. ಅದನ್ನು ಹೊರಗಿನವರ ರಿಟರ್ನ್ ಆದ 540ಎನ್‌ಆರ್‌ನಲ್ಲಿ ತೋರಿಸಬೇಕು. ಒಂದೊಂದು ಕಂತಿಗೂ ಅದರದರ ಗ್ರಾಂಟ್, ವೆಸ್ಟ್ ತಾರೀಕು ಹಿಡಿದು ಬೇರೆ ಬೇರೆ ಲೆಕ್ಕ. ಬಂದ ಮೇಲೆ ಸಿಗುವ ಬೋನಸ್ ಕೂಡ, ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಕೆಲಸಕ್ಕಾದರೆ, ಇದೇ ಗುಂಪಿಗೆ.

ಹೊಸ ಗ್ರಾಂಟುಗಳಿಗೆ ಈ ಕಾಟ ಇಲ್ಲ. ಆದ್ದರಿಂದ ದೊಡ್ಡ ರಿಫ್ರೆಶ್ ಗ್ರಾಂಟ್ ಬರಲಿದೆ ಎಂದು ಗೊತ್ತಿದ್ದರೆ ಅದಕ್ಕೆ ಮೊದಲು ಹೊರಡುವುದು ಲಾಭ. ಕಂಪನಿಯ ಪೇರೋಲ್ ವಿಭಾಗ ವಿಳಾಸ ಬದಲಿಸಲು ತಡ ಮಾಡಿದರೆ ಆರ್‌ಎಸ್‌ಯು, ಬೋನಸ್‌ಗಳಿಂದ ಕ್ಯಾಲಿಫೋರ್ನಿಯಾದ ಹೆಸರಲ್ಲಿ ಶೇ. 10.23 ಕಡಿಯುತ್ತಲೇ ಹೋಗುತ್ತದೆ. ಆಮೇಲೆ ರಿಟರ್ನ್ ಸಲ್ಲಿಸಿ ವಾಪಸ್ ಕೇಳಬೇಕು. ವರ್ಷದ ಸಂಬಳ ಪತ್ರವಾದ ಡಬ್ಲ್ಯು-2ರ 15ರಿಂದ 17ರವರೆಗಿನ ಚೌಕಗಳನ್ನು ಜನವರಿಯಲ್ಲೇ ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಿ. ಟೆಕ್ಸಸ್‌ನಲ್ಲಿ ಕೂತು ಕ್ಯಾಲಿಫೋರ್ನಿಯಾದ ಕಂಪನಿಗೆ ಕೆಲಸ ಮಾಡುವುದಕ್ಕೆ ಕ್ಯಾಲಿಫೋರ್ನಿಯಾ ತೆರಿಗೆ ಕೇಳುವುದಿಲ್ಲ. ಕಚೇರಿಗೆಂದು ಅಲ್ಲಿಗೆ ಹೋದ ದಿನಗಳಿಗೆ ಮಾತ್ರ ಕೇಳುತ್ತದೆ. ನ್ಯೂಯಾರ್ಕ್ ಹಾಗಲ್ಲ: ಸ್ವಂತ ಅನುಕೂಲಕ್ಕೆ ಹೊರಗೆ ಕೂತು ಕೆಲಸ ಮಾಡಿದರೂ ಅದನ್ನು ನ್ಯೂಯಾರ್ಕಿನ ಆದಾಯ ಎಂದೇ ಹಿಡಿಯುತ್ತದೆ. ಮುಂದೆ ಕಂಪನಿ ಬದಲಿಸುವಾಗ ಇದು ನೆನಪಿರಲಿ.

ಬೆಂಗಳೂರಿನ ಸೈಟು

ನಿಮ್ಮ ಪ್ರಶ್ನೆಯಲ್ಲಿ ಸುಮ್ಮನೆ ಬಂದುಹೋದ ಈ ಸಾಲು ಸಾವಿರಾರು ಡಾಲರ್ ಬಾಳುತ್ತದೆ. ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದ ಕ್ಯಾಲಿಫೋರ್ನಿಯಾವನ್ನು ಕಟ್ಟಿಹಾಕುವುದಿಲ್ಲ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫೆಡರಲ್ ಸರ್ಕಾರ ಕ್ರೆಡಿಟ್ ಕೊಡುತ್ತದೆ, ಕ್ಯಾಲಿಫೋರ್ನಿಯಾ ಕೊಡುವುದಿಲ್ಲ. ಅಲ್ಲದೆ ಅದಕ್ಕೆ ದೀರ್ಘಾವಧಿ ಲಾಭ ಎಂಬ ರಿಯಾಯಿತಿ ದರವೂ ಗೊತ್ತಿಲ್ಲ, ಎಲ್ಲವೂ ಸಂಬಳದ ಲೆಕ್ಕದಲ್ಲೇ.

ಸೈಟು ಮಾರಿ 1 ಲಕ್ಷ ಡಾಲರ್ ಲಾಭ ಬಂತು ಅನ್ನಿ. 2024ರ ಜುಲೈ 23ರಿಂದೀಚಿನ ಮಾರಾಟಕ್ಕೆ ಭಾರತದಲ್ಲಿ ಶೇ. 12.5, ಅದರ ಮೇಲೆ ಸರ್‌ಚಾರ್ಜ್, ಸೆಸ್ ಸೇರಿ ಸುಮಾರು 14,300. ಫೆಡರಲ್ ಶೇ. 15ರ 15,000ದಲ್ಲಿ ಇದನ್ನು ಕಳೆದರೆ ಉಳಿಯುವುದು 700. ಆದಾಯ 2.5 ಲಕ್ಷ ದಾಟಿದ ಜಂಟಿ ರಿಟರ್ನಿನವರಿಗೆ ಬರುವ ಶೇ. 3.8ರ ಹೂಡಿಕೆ ತೆರಿಗೆ 3,800. ಕ್ಯಾಲಿಫೋರ್ನಿಯಾದಲ್ಲಿದ್ದರೆ ಇದರ ಮೇಲೆ ಶೇ. 9.3, ಅಂದರೆ 9,300, ಯಾವ ಕ್ರೆಡಿಟ್ಟೂ ಇಲ್ಲದೆ. ಟೆಕ್ಸಸ್ ನಿವಾಸಿಯಾದ ಮೇಲೆ ಮಾರಿದರೆ ಆ 9,300 ಇಲ್ಲ. ಹೋಗುವುದು ಖಚಿತವಾಗಿದ್ದರೆ ಕ್ರಯಪತ್ರವನ್ನು ಆ ಕಡೆಗೆ ಮುಂದೂಡಿ.

ಒಂದು ಸಮಾಧಾನ: ಅಮೆರಿಕದ ಲೆಕ್ಕ ಡಾಲರಿನಲ್ಲಿ. ಕೊಂಡ ದಿನದ ದರದಲ್ಲಿ ಕೊಂಡ ಬೆಲೆ, ಮಾರಿದ ದಿನದ ದರದಲ್ಲಿ ಮಾರಿದ ಬೆಲೆ. ರೂಪಾಯಿ ಇಳಿದಿರುವುದರಿಂದ ಡಾಲರ್ ಲಾಭ ರೂಪಾಯಿ ಲಾಭದಷ್ಟು ಕಾಣುವುದಿಲ್ಲ. ಅನಿವಾಸಿಯ ಸೈಟು ಕೊಳ್ಳುವವರು ಟಿಡಿಎಸ್ ಹಿಡಿಯಬೇಕು, ಭಯಕ್ಕೆ ಪೂರ್ತಿ ಬೆಲೆಯ ಮೇಲೇ ಹಿಡಿದುಬಿಡುತ್ತಾರೆ. ಲಾಭದ ಮೇಲೆ ಮಾತ್ರ ಹಿಡಿಯುವಂತೆ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರವನ್ನು ಕ್ರಯದ ಮೊದಲೇ ಪಡೆಯಿರಿ. ಅನಿವಾಸಿಯರ ಎನ್‌ಆರ್‌ಇ ಠೇವಣಿ ಇದ್ದರೆ ಅದರ ಬಡ್ಡಿಗೆ ಊರಿನಲ್ಲಿ ತೆರಿಗೆ ಇಲ್ಲ, ಆದರೆ ಕ್ಯಾಲಿಫೋರ್ನಿಯಾಗೆ ಇದೆ. ಇದನ್ನು ಬಿಟ್ಟುಬಿಡುವವರು ಬಹಳ.

ಗ್ರೀನ್ ಕಾರ್ಡ್, ಮಕ್ಕಳು, ಮುಪ್ಪು

ಎಚ್-1ಬಿಯಲ್ಲಿ ಇರುವವರು ಬೇರೆ ಮಹಾನಗರ ವಲಯಕ್ಕೆ ಹೋಗುವ ಮೊದಲೇ ಕಂಪನಿ ತಿದ್ದುಪಡಿ ಅರ್ಜಿ ಸಲ್ಲಿಸಿರಬೇಕು. ಇದಕ್ಕಿಂತ ಗಂಭೀರವಾದದ್ದು ಪರ್ಮ್, ಗ್ರೀನ್ ಕಾರ್ಡಿನ ಮೊದಲ ಹಂತವಾದ ಕಾರ್ಮಿಕ ಇಲಾಖೆಯ ಮಂಜೂರಾತಿ. ಅದು ಕೆಲಸದ ಜಾಗಕ್ಕೆ ಅಂಟಿಕೊಂಡ ಕಡತ, ಫ್ರೀಮಾಂಟಿನದು ಫ್ರಿಸ್ಕೊಗೆ ನಡೆಯುವುದಿಲ್ಲ, ಹೊಸದಾಗಿ ಶುರುಮಾಡಬೇಕು. ಅದರ ಮುಂದಿನ ಹಂತದ ಅರ್ಜಿಯಾದ ಐ-140 ಮಂಜೂರಾಗಿದ್ದರೆ ನಿಮ್ಮ ಸರದಿಯ ತಾರೀಕು ಉಳಿಯುತ್ತದೆ, ಕಾಗದದ ಕೆಲಸ ಮಾತ್ರ ಮತ್ತೆ. ಐ-140 ಆಗಿಲ್ಲ, ಎಚ್-1ಬಿಯ ಐದನೇ ವರ್ಷ ನಡೆಯುತ್ತಿದೆ ಎಂದರೆ ಈಗ ಅಲ್ಲಾಡಬೇಡಿ. ಆರು ವರ್ಷದ ಮಿತಿ ತಲೆಯ ಮೇಲೆ ತೂಗುತ್ತಿರುತ್ತದೆ. 22,100ಕ್ಕಾಗಿ ಇಂಥ ಅಪಾಯ ಬೇಡ. ಕೆಲಸ ಹೋದರೆ ಸಿಗುವುದು 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹಿಡಿಯುವುದು ನಿಮ್ಮ ಕಸುಬಿನಲ್ಲಿ ಬೇ ಏರಿಯಾದಲ್ಲಿ ಸುಲಭವೋ ಡಲ್ಲಾಸ್‌ನಲ್ಲೋ, ನೀವೇ ಬಲ್ಲಿರಿ. ಮನೆ ಸಾಲ ಇದ್ದಾಗ ಈ ಪ್ರಶ್ನೆಯ ತೂಕ ಇಮ್ಮಡಿ.

ಕಟ್ಟಿದ ತೆರಿಗೆಗೆ ಕ್ಯಾಲಿಫೋರ್ನಿಯಾ ತಿರುಗಿ ಕೊಡುವುದೂ ಇದೆ. ಆ ಎಸ್‌ಡಿಐ ಸಾಲಿನಿಂದಲೇ ಹೆರಿಗೆ ಮತ್ತು ಮಗುವಿನ ಆರೈಕೆಯ ರಜೆಗೆ ಹಣ ಬರುತ್ತದೆ: ಮಗುವಿನ ಜೊತೆಗಿರಲು ತಂದೆಗೂ ತಾಯಿಗೂ ತಲಾ ಎಂಟು ವಾರ, 2025ರಲ್ಲಿ ವಾರಕ್ಕೆ ಗರಿಷ್ಠ 1,681 ಡಾಲರ್. ಟೆಕ್ಸಸ್‌ನಲ್ಲಿ ರಾಜ್ಯದ ಕಡೆಯಿಂದ ಇಂಥದ್ದಿಲ್ಲ. ನಿಮ್ಮ ಮಕ್ಕಳು ಆ ವಯಸ್ಸು ದಾಟಿದ್ದಾರೆ, ಹಾಗಾಗಿ ನಿಮಗೆ ಕಾಲೇಜೇ ಮುಖ್ಯ. ಬರ್ಕ್ಲಿ, ಲಾಸ್ ಏಂಜಲೀಸ್‌ನಂಥ ಯುಸಿ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ 2024-25ರಲ್ಲಿ ಹೊರರಾಜ್ಯದವರು ಮಾಮೂಲಿ ಶುಲ್ಕದ ಮೇಲೆ 34,200 ಡಾಲರ್ ಹೆಚ್ಚು ಕಟ್ಟಬೇಕಿತ್ತು. ನಾಲ್ಕು ವರ್ಷಕ್ಕೆ 1.3 ಲಕ್ಷ ದಾಟುತ್ತದೆ. ಟೆಕ್ಸಸ್‌ನಲ್ಲೂ ಒಳ್ಳೆಯ ಸರ್ಕಾರಿ ವಿಶ್ವವಿದ್ಯಾಲಯಗಳಿವೆ, ಆದರೆ ಆಸ್ಟಿನ್‌ನ ಯುಟಿಗೆ (ಟೆಕ್ಸಸ್ ವಿಶ್ವವಿದ್ಯಾಲಯ) ನೇರ ಪ್ರವೇಶ ಸಿಗುವುದು ಶಾಲೆಯ ಮೊದಲ ಶೇ. 5ರೊಳಗೆ ಬಂದವರಿಗೆ (2026ರ ಶರತ್ಕಾಲದಿಂದ). ಫ್ರಿಸ್ಕೊದ ಶಾಲೆಗಳಲ್ಲಿ ಆ ಶೇ. 5ಕ್ಕೆ ಎಂಥ ಪೈಪೋಟಿ ಎಂದು ನಿಮ್ಮ ಗೆಳೆಯರನ್ನೇ ಕೇಳಿ. ದೊಡ್ಡ ಮಗು ಹೈಸ್ಕೂಲಿಗೆ ಬಂದಿದ್ದರೆ ಹೋಗುವುದೋ ಬಿಡುವುದೋ ಈ ವರ್ಷವೇ ತೀರ್ಮಾನಿಸಿ, ನಡುವೆ ಎಬ್ಬಿಸಬೇಡಿ.

ನಿವೃತ್ತಿಯ ಹೊತ್ತಿಗೆ ತಕ್ಕಡಿ ಮತ್ತೆ ವಾಲುತ್ತದೆ. ಸಾಲ ತೀರಿದ ಮನೆ, ಪ್ರೊಪೊಸಿಷನ್ 13ರ ಹಳೆಯ ಬೆಲೆ, ಸೋಶಿಯಲ್ ಸೆಕ್ಯುರಿಟಿಗೆ ರಾಜ್ಯ ತೆರಿಗೆ ಇಲ್ಲ: ಕ್ಯಾಲಿಫೋರ್ನಿಯಾ ಮುದುಕರಿಗೆ ಅಷ್ಟೇನೂ ದುಬಾರಿಯಲ್ಲ. ಟೆಕ್ಸಸ್ 65 ದಾಟಿದವರಿಗೆ ಶಾಲೆಯ ತೆರಿಗೆಯನ್ನು ಏರದಂತೆ ನಿಲ್ಲಿಸುತ್ತದೆ, ಉಳಿದ ಭಾಗ ನಡೆಯುತ್ತಲೇ ಇರುತ್ತದೆ.

ಹೊರಡುವುದಾದರೆ

ಅರ್ಧಂಬರ್ಧ ಹೋಗಬೇಡಿ. ಗಂಡ ಮುಂದೆ ಹೋಗಿ ಕೆಲಸ ಶುರುಮಾಡುವುದು, ಹೆಂಡತಿ ಮಕ್ಕಳು ಶಾಲೆ ಮುಗಿಯಲೆಂದು ಜೂನ್‌ವರೆಗೆ ಫ್ರೀಮಾಂಟ್‌ನಲ್ಲೇ ಇರುವುದು ನಮ್ಮವರಲ್ಲಿ ಸಾಮಾನ್ಯ. ಕುಟುಂಬ ಅಲ್ಲೇ ಇದ್ದರೆ ನೀವು ಬಿಟ್ಟುಹೋಗಿಲ್ಲ ಎಂದು ಕ್ಯಾಲಿಫೋರ್ನಿಯಾದ ತೆರಿಗೆ ಬೋರ್ಡ್ ವಾದಿಸಬಹುದು. ಬಿಟ್ಟಿದ್ದೀರಿ ಎಂದು ಒಪ್ಪಿದರೂ, ಎರಡೂ ರಾಜ್ಯಗಳಲ್ಲಿ ದಂಪತಿಯ ಗಳಿಕೆ ಇಬ್ಬರಿಗೂ ಸಮಪಾಲು ಎಂಬ ಕಾನೂನು ಇರುವುದರಿಂದ ಗಂಡನ ಟೆಕ್ಸಸ್ ಸಂಬಳದ ಅರ್ಧ ಕ್ಯಾಲಿಫೋರ್ನಿಯಾದಲ್ಲಿರುವ ಹೆಂಡತಿಯ ಆದಾಯವಾಗಿ ಅಲ್ಲಿ ತೆರಿಗೆಗೆ ಬರುತ್ತದೆ. 183 ದಿನ ಹೊರಗಿದ್ದರೆ ಸಾಕು ಎಂಬ ಮಾತನ್ನೂ ನಂಬಬೇಡಿ. ಮನೆ, ಮಕ್ಕಳ ಶಾಲೆ, ಡಾಕ್ಟರು, ಬ್ಯಾಂಕು, ಲೈಸೆನ್ಸು ಎಲ್ಲಿವೆ ಎಂದು ಒಟ್ಟಾಗಿ ನೋಡುತ್ತಾರೆ.

ಶಾಲೆ ಮುಗಿದ ಜೂನಿನಲ್ಲಿ ಎಲ್ಲರೂ ಒಟ್ಟಿಗೆ ಹೊರಡಿ. ಬಾಡಿಗೆ ಕರಾರು ಮುಗಿಸಿದ ಪತ್ರ, ಸಾಮಾನು ಸಾಗಿಸಿದ ಬಿಲ್, ಶಾಲೆಯ ವರ್ಗಾವಣೆ ಪತ್ರ ಒಂದು ಫೈಲಿನಲ್ಲಿರಲಿ. ಟೆಕ್ಸಸ್‌ನಲ್ಲಿ 30 ದಿನದೊಳಗೆ ಕಾರು ನೋಂದಣಿ (ಹೊರಗಿನಿಂದ ತಂದ ಕಾರಿಗೆ ತಲಾ 90 ಡಾಲರ್ ತೆರಿಗೆ), 90 ದಿನದೊಳಗೆ ಲೈಸೆನ್ಸ್. ಮೊದಲ ವರ್ಷ ಬಾಡಿಗೆಗಿದ್ದು ಬಡಾವಣೆ, ಶಾಲೆ, ಬೇಸಿಗೆ ಎಲ್ಲ ನೋಡಿ ಆಮೇಲೆ ಮನೆ ಕೊಳ್ಳಿ. ಹೊರಟ ವರ್ಷ ಕ್ಯಾಲಿಫೋರ್ನಿಯಾದ 540ಎನ್‌ಆರ್ ಹೇಗೂ ಇದೆ. ನಂತರದ ವರ್ಷಗಳಲ್ಲಿ ಬರೀ ಒಂದು ಆರ್‌ಎಸ್‌ಯು ಕಂತಿನ ಪಾಲು ಉಳಿದಿದ್ದರೂ ಅದನ್ನು ಸಲ್ಲಿಸಿ. ಸಲ್ಲಿಸಿದ ರಿಟರ್ನನ್ನು ಬೋರ್ಡ್ ಸಾಮಾನ್ಯವಾಗಿ ನಾಲ್ಕು ವರ್ಷದೊಳಗೆ ಪ್ರಶ್ನಿಸಬೇಕು. ಸಲ್ಲಿಸದೇ ಬಿಟ್ಟರೆ ಆ ನಾಲ್ಕು ವರ್ಷದ ಎಣಿಕೆ ಶುರುವೇ ಆಗುವುದಿಲ್ಲ.